ಮೆಟ್ಟಿಲುಗಳ ಊರು ಹೈಫಾ

ಹೈಫಾದಲ್ಲಿ ದಾರಿ ಕೇಳಿದರೆ ಎಡಕ್ಕೆ, ಬಲಕ್ಕೆ ಎಂಬ ಮಾತು ಆಮೇಲೆ ಬರುತ್ತದೆ. ಮೇಲಕ್ಕೋ ಕೆಳಕ್ಕೋ ಎಂಬುದು ಮೊದಲು ಇತ್ಯರ್ಥವಾಗಬೇಕು. ಇಸ್ರೇಲಿನ ಉತ್ತರ ತೀರದಲ್ಲಿ ಕಾರ್ಮೆಲ್ ಬೆಟ್ಟಸಾಲು ಓಡಿ ಬಂದು ಮೆಡಿಟರೇನಿಯನ್ ಸಮುದ್ರದ ಅಂಚಿನಲ್ಲಿ ತಟ್ಟನೆ ನಿಲ್ಲುತ್ತದೆ. ಆ ಬೆಟ್ಟದ ತುದಿ, ಅದರ ಇಳಿಜಾರುಗಳು, ಬುಡದ ಸಪೂರ ಬಯಲು ಇಷ್ಟೂ ಸೇರಿ ಹೈಫಾ. ನಕ್ಷೆಯಲ್ಲಿ ಪಕ್ಕಪಕ್ಕದಲ್ಲೇ ಕಾಣುವ ಎರಡು ರಸ್ತೆಗಳ ನಡುವೆ ನೂರಾರು ಮೆಟ್ಟಿಲುಗಳಿರಬಹುದು. ನಕ್ಷೆ ಅದನ್ನು ಹೇಳುವುದಿಲ್ಲ, ಮೊಣಕಾಲು ಹೇಳುತ್ತದೆ.

ನನ್ನ ಗಂಡನಿಗೆ ಅಲ್ಲಿನ ತಂತ್ರಜ್ಞಾನ ವಿಶ್ವವಿದ್ಯಾಲಯ ಟೆಕ್ನಿಯನ್‌ನಲ್ಲಿ ಪೋಸ್ಟ್‌ಡಾಕ್ ಸಿಕ್ಕಿದಾಗ ನಾನು ಮಂಗಳೂರಿನ ಕೆಲಸ ಬಿಟ್ಟು ಜತೆಗೆ ಹೊರಟಿದ್ದೆ. 2008ರ ಸುಮಾರು. ನನ್ನ ವೀಸಾದಲ್ಲಿ ಸಂಬಳಕ್ಕೆ ದುಡಿಯಲು ಅವಕಾಶವಿರಲಿಲ್ಲ, ಹೀಗಾಗಿ ಹಗಲು ಪೂರ್ತಿ ನನ್ನದೇ. ಬೆಟ್ಟದ ಅರ್ಧದಲ್ಲಿರುವ ಹದಾರ್ ಬಡಾವಣೆಯಲ್ಲಿ ಮನೆ ಹಿಡಿದಿದ್ದೆವು. ಆ ಊರಿನಲ್ಲಿ ಎತ್ತರ ಏರಿದಂತೆ ಗಾಳಿ ತಂಪಾಗುತ್ತದೆ, ಬಾಡಿಗೆಯೂ ಏರುತ್ತದೆ. ಬುಡದಲ್ಲಿ ಬಂದರು, ರೈಲು, ಗೋದಾಮು, ಅರಬ್ಬರ ಹಳೆಯ ಕೇರಿಗಳು. ತುದಿಯಲ್ಲಿ ಪೈನ್ ಮರಗಳ ನಡುವೆ ವೈದ್ಯರ, ವಕೀಲರ, ಪ್ರೊಫೆಸರುಗಳ ಮನೆಗಳು. ನಡುವಿನ ಹದಾರ್ ಒಂದು ಕಾಲಕ್ಕೆ ಊರಿನ ಹೆಮ್ಮೆಯ ಬಡಾವಣೆಯಾಗಿತ್ತಂತೆ. ನಾವು ಹೋದಾಗ ಅಲ್ಲಿ 1990ರ ನಂತರ ಸೋವಿಯತ್ ಒಕ್ಕೂಟದಿಂದ ಬಂದವರೇ ತುಂಬಿದ್ದರು. ಅಂಗಡಿಯ ಫಲಕ ರಷ್ಯನ್ನಿನಲ್ಲಿ, ಬ್ರೆಡ್ಡು ಕಪ್ಪು ರೈಯದು, ಪುಸ್ತಕದಂಗಡಿಯ ಕಿಟಕಿಯಲ್ಲಿ ಚೆಕಾಫ್. ನಮ್ಮ ಮೇಲಿನ ಮನೆಯ ಅಜ್ಜಿಗೆ ಹೀಬ್ರೂ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಇಬ್ಬರೂ ಏದುಸಿರು ಬಿಡುತ್ತ ಆಕಾಶ ನೋಡಿ ತಲೆಯಾಡಿಸುವುದೇ ನಮ್ಮ ಸಂಭಾಷಣೆ.

ಹತ್ತಲಾರದವರಿಗೆ ಕಾರ್ಮೆಲಿತ್ ಇದೆ. 1959ರಲ್ಲಿ ಶುರುವಾದ, ಬೆಟ್ಟದ ಹೊಟ್ಟೆಯೊಳಗೆ ಓಡುವ ರೈಲು. ಉದ್ದ 2 ಕಿಲೋಮೀಟರ್ ಕೂಡ ಇಲ್ಲ, ನಿಲ್ದಾಣ 6. ಅದನ್ನು ಮೆಟ್ರೋ ಎಂದರೆ ನಗು ಬರುತ್ತದೆ, ಆದರೆ ಅದರ ಲೆಕ್ಕಾಚಾರ ನನಗೆ ಬಹಳ ಹಿಡಿಸಿತು. ಒಂದೇ ಕೇಬಲ್ಲಿನ ಎರಡು ತುದಿಗೆ ಎರಡು ಗಾಡಿಗಳು. ಒಂದು ಇಳಿಯುವಾಗ ಅದರ ಭಾರ ಇನ್ನೊಂದನ್ನು ಎಳೆಯಲು ನೆರವಾಗುತ್ತದೆ, ನಡುವೆ ಹಳಿ ಕವಲೊಡೆದ ಕಡೆ ಎರಡೂ ಒಂದನ್ನೊಂದು ದಾಟುತ್ತವೆ. ಡಬ್ಬಿಯ ನೆಲವೇ ಮೆಟ್ಟಿಲು ಮೆಟ್ಟಿಲಾಗಿದೆ, ಪ್ಲಾಟ್‌ಫಾರಂ ಕೂಡ. ಕಟ್ಟಿದ್ದು ಫ್ರೆಂಚ್ ಕಂಪನಿ, ಆ ಋಣಕ್ಕೆ ಕೆಳಗಿನ ನಿಲ್ದಾಣ ಪ್ಯಾರಿಸ್ ಚೌಕವಾಯಿತು. 2017ರಲ್ಲಿ ಬೆಂಕಿ ಬಿದ್ದು ಗಾಡಿ ನಿಂತುಹೋಗಿ, ಮತ್ತೆ ಓಡಿದ್ದು ಮರುವರ್ಷ. ನಾವಿದ್ದಾಗಲೂ ಅದರಲ್ಲಿ ಜನ ಕಡಿಮೆಯೇ. ಹೈಫಾದವರು ಅದನ್ನು ಹೊಗಳಿ ಬಸ್ಸು ಹತ್ತುತ್ತಾರೆ. ಆ ಬಸ್ಸಿನದೂ ಒಂದು ವಿಶೇಷವಿದೆ. ಬಹುತೇಕ ಯಹೂದಿ ಪಟ್ಟಣಗಳಲ್ಲಿ ಶನಿವಾರದ ಸಬ್ಬತ್ತಿಗೆ ಬಸ್ಸು ನಿಂತರೆ, ಹೈಫಾದಲ್ಲಿ ಹಿಂದಿನಿಂದಲೂ ಕೆಲವು ಬಸ್ಸುಗಳು ಓಡುತ್ತವೆ. ಕಾರ್ಮಿಕರ ಊರು, ದೇವರಿಗಿಂತ ಡ್ಯೂಟಿ ದೊಡ್ಡದು.

ಇತಿಹಾಸ ಹುಡುಕಿಕೊಂಡು ಬಂದವರಿಗೆ ಹೈಫಾ ಮೊದಲಿಗೆ ನಿರಾಸೆ ಮಾಡುತ್ತದೆ. ಕೊಲ್ಲಿಯ ಆಚೆ ದಡದಲ್ಲಿ ಅಕ್ಕಾ ಇದೆ, ಕೋಟೆ ಕೊತ್ತಲ, ಕ್ರೂಸೇಡರ್ ಯೋಧರ ಸಭಾಂಗಣ ಎಲ್ಲ ಅಲ್ಲಿ. ಕಾರ್ಮೆಲ್‌ನ ದಕ್ಷಿಣದ ಗುಹೆಗಳಲ್ಲಿ ನಿಯಾಂಡರ್ತಲ್ ಕಾಲದ ಮೂಳೆಗಳು ಸಿಕ್ಕಿವೆ. ಬೆಟ್ಟ ಅಷ್ಟು ಹಳೆಯದು, ಊರು ಮಾತ್ರ ಈಚಿನದು. ಗಲಿಲೀ ಸೀಮೆಯನ್ನು ಆಳುತ್ತಿದ್ದ ಜಾಹಿರ್ ಅಲ್ ಉಮರ್ 18ನೇ ಶತಮಾನದಲ್ಲಿ ಹಳೆಯ ಹಳ್ಳಿಯನ್ನು ಕೆಡವಿ, ಸ್ವಲ್ಪ ಪೂರ್ವಕ್ಕೆ ಗೋಡೆ ಕಟ್ಟಿ ಹೊಸ ಹೈಫಾ ಮಾಡಿದ. ನೂರು ವರ್ಷ ಕಳೆದರೂ ಅದು ಕೆಲವೇ ಸಾವಿರ ಜನರ ಪುಟ್ಟ ಊರು. ಅದೃಷ್ಟ ತೆರೆದದ್ದು 1905ರಲ್ಲಿ. ಒಟ್ಟೋಮನ್ ಸುಲ್ತಾನರು ಡಮಾಸ್ಕಸ್‌ನಿಂದ ಮದೀನಾದ ಕಡೆ ಹಾಕಿಸುತ್ತಿದ್ದ ಹಿಜಾಜ್ ರೈಲಿನ ಒಂದು ಕವಲು ಹೈಫಾದ ಕಡಲಿಗೆ ಬಂದು ಮುಟ್ಟಿತು. ಆಮೇಲೆ ಬ್ರಿಟಿಷರು 1933ರಲ್ಲಿ ದೊಡ್ಡ ಬಂದರು ತೆರೆದರು. ಇರಾಕಿನ ಕಿರ್ಕುಕ್‌ನಿಂದ ಎಣ್ಣೆಯ ಪೈಪು ಮರುಭೂಮಿ ದಾಟಿ ಬಂತು, ಹಿಂದೆಯೇ ರಿಫೈನರಿ. ಅಕ್ಕಾದ ವ್ಯಾಪಾರವನ್ನೆಲ್ಲ ಅಷ್ಟರಲ್ಲಿ ಹೈಫಾ ನುಂಗಿಕೊಂಡಿತ್ತು. ಪಣಂಬೂರಿನ ಬಂದರು ಕಂಡು ಬೆಳೆದವಳಿಗೆ ಹೈಫಾ ಕೊಲ್ಲಿಯ ಎಣ್ಣೆ ವಾಸನೆ ಹೊಸದಲ್ಲ. ಪ್ರವಾಸಿಗಳ ಫೋಟೋದಲ್ಲಿ ಆ ಚಿಮಣಿಗಳು ಬರದಂತೆ ಎಲ್ಲರೂ ಕ್ಯಾಮೆರಾ ಓರೆ ಮಾಡುತ್ತಾರೆ. ಊರಿನ ಅನ್ನ ಅಲ್ಲೇ ಇದೆ ಎಂಬುದನ್ನು ಮರೆಯಬಾರದು.

1868ರಲ್ಲಿ ಈ ಕೊಲ್ಲಿಯಲ್ಲಿ ನಡೆದದ್ದು ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ. ಆ ಆಗಸ್ಟ್ ಕೊನೆಗೆ ಪರ್ಷಿಯಾದ ಗಡೀಪಾರು ಕೈದಿ ಬಹಾವುಲ್ಲಾ ಅವರನ್ನು ಒಟ್ಟೋಮನ್ ಸರ್ಕಾರ ಹಡಗಿನಲ್ಲಿ ತಂದು, ಹೈಫಾ ಮೂಲಕ ಅಕ್ಕಾದ ಸೆರೆಮನೆಗೆ ಹಾಕಿತು. ಲೋಕ ಕಾಯುತ್ತಿದ್ದ ದೇವದೂತ ಬಂದಾಯಿತು ಎಂಬುದು ಅವರ ಅನುಯಾಯಿಗಳ ನಂಬಿಕೆ. ಕೆಲವೇ ವಾರಗಳ ಅಂತರದಲ್ಲಿ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯಿಂದ ಟೆಂಪ್ಲರ್ ಎಂಬ ಪಂಥದ ಮುಖಂಡರು, ಕ್ರಿಸ್ಟೋಫ್ ಹಾಫ್‌ಮನ್ ಮತ್ತು ಗೇಯೋರ್ಗ್ ಹಾರ್ಡೆಗ್, ಹೈಫಾದಲ್ಲಿ ಇಳಿದರು. ದೇವರ ಮಗ ಇನ್ನೇನು ಮರಳಿ ಬರುತ್ತಾನೆ, ನೆಲವನ್ನು ಹಸನು ಮಾಡಿ ಕಾಯೋಣ ಎಂಬುದು ಇವರ ನಂಬಿಕೆ. ಬಂದವನನ್ನು ನಂಬಿದವರೂ ಬರುವವನನ್ನು ಕಾದವರೂ ಒಂದೇ ಕೊಲ್ಲಿಯ ಎರಡು ದಡದಲ್ಲಿ!

ಟೆಂಪ್ಲರುಗಳ ಜರ್ಮನ್ ಕಾಲನಿ ನನಗೆ ಊರಿನಲ್ಲೇ ಅತಿ ಹತ್ತಿರದ ಜಾಗವಾಯಿತು. ಬೆಟ್ಟದ ಬುಡದಿಂದ ಕಡಲಿನ ಕಡೆ ನೇರವಾದ ಅಗಲ ರಸ್ತೆ, ಎರಡೂ ಬದಿ ಕಲ್ಲಿನ ಗೋಡೆ, ಕೆಂಪು ಹೆಂಚಿನ ಇಳಿಜಾರು ಮಾಡು. ಬಾಗಿಲ ಮೇಲೆ ಜರ್ಮನ್ ಅಕ್ಷರದಲ್ಲಿ ಬೈಬಲ್ ವಾಕ್ಯಗಳು. ಸುತ್ತ ಎಲ್ಲ ಚಪ್ಪಟೆ ತಾರಸಿಗಳಿರುವ ನಾಡಿನಲ್ಲಿ ಆ ಮಾಡುಗಳನ್ನು ಕಂಡು ನನಗೆ ಮಂಗಳೂರಿನ ಜೆಪ್ಪು, ಬಲ್ಮಠ ನೆನಪಾದದ್ದು ಸುಮ್ಮನೆ ಅಲ್ಲ. ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಲ್ಲಿ ಅನೇಕರು ಇದೇ ವ್ಯೂರ್ಟೆಂಬರ್ಗ್‌ನ ಭಕ್ತಿಪಂಥದಿಂದ ಬಂದವರು. 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ ಮೋಗ್ಲಿಂಗ್ ಅಲ್ಲಿಯವರೇ. ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ, ಟೆಂಪ್ಲರುಗಳು ಹೈಫಾಕ್ಕೆ ಬಂದದ್ದು ಅದಾದ ಮೂರೇ ವರ್ಷಕ್ಕೆ. ನಮ್ಮಲ್ಲಿಗೆ ಬಂದವರು ಪತ್ರಿಕೆ, ನಿಘಂಟು, ಹೆಂಚು ಕೊಟ್ಟು ಕೀರ್ತಿ ಪಡೆದರು. ಹೈಫಾಕ್ಕೆ ಬಂದವರು ರಸ್ತೆ ಹಾಕಿದರು, ಕುದುರೆಗಾಡಿ ಓಡಿಸಿದರು, ದ್ರಾಕ್ಷಿ ಬೆಳೆದರು. ಆದರೆ ಅವರ ಮೊಮ್ಮಕ್ಕಳಲ್ಲಿ ಅನೇಕರು 1930ರ ದಶಕದಲ್ಲಿ ನಾಜಿ ಪಕ್ಷದ ಸದಸ್ಯತ್ವ ಪಡೆದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟು, ನೂರಾರು ಜನರನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಈಗ ಆ ಮನೆಗಳಲ್ಲಿ ಕಾಫಿ ಅಂಗಡಿಗಳಿವೆ. ಬಾಗಿಲ ಮೇಲಿನ ವಾಕ್ಯವನ್ನು ಓದುವವರಿಲ್ಲ.

ಆ ರಸ್ತೆಯ ಕೊನೆಗೆ ನಿಂತು ತಲೆಯೆತ್ತಿದರೆ ಬಹಾವುಲ್ಲಾ ಅವರ ಅನುಯಾಯಿಗಳಾದ ಬಹಾಯಿಗಳ ತೋಟ. 1850ರಲ್ಲಿ ತಬ್ರೀಜ್‌ನಲ್ಲಿ ಗುಂಡಿಟ್ಟು ಕೊಲ್ಲಲಾದ ಅವರ ಧರ್ಮಗುರು ಬಾಬ್ ಅವರ ಅವಶೇಷಗಳನ್ನು ಭಕ್ತರು ದಶಕಗಳ ಕಾಲ ಬಚ್ಚಿಟ್ಟು, ಊರಿಂದೂರಿಗೆ ಸಾಗಿಸಿ, 1909ರಲ್ಲಿ ಈ ಇಳಿಜಾರಿನಲ್ಲಿ ಸಮಾಧಿ ಮಾಡಿದರು. ಚಿನ್ನದ ಗುಮ್ಮಟ ಪೂರ್ತಿಯಾದದ್ದು 1953ರಲ್ಲಿ. ಅದರ ಮೇಲೂ ಕೆಳಗೂ ಸೇರಿ 19 ಹಂತಗಳ ತೋಟ ತೆರೆದದ್ದು 2001ರಲ್ಲಿ, ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ನಾವು ಅಲ್ಲಿದ್ದಾಗಲೇ. ತೋಟದ ವಾಸ್ತುಶಿಲ್ಪಿ ಫರಿಬೋರ್ಜ್ ಸಹ್ಬಾ, ದಿಲ್ಲಿಯ ಕಮಲ ಮಂದಿರವನ್ನು ವಿನ್ಯಾಸ ಮಾಡಿದವರೂ ಅವರೇ. ಮೆಟ್ಟಿಲ ಎರಡೂ ಬದಿಯ ಸಣ್ಣ ಕಾಲುವೆಯಲ್ಲಿ ನೀರು ಸದ್ದು ಮಾಡುತ್ತ ಇಳಿಯುತ್ತದೆ, ಆ ಸದ್ದಿಗೆ ಊರಿನ ಹಾರನ್ನು ಕೇಳಿಸುವುದಿಲ್ಲ. ಅಚ್ಚುಕಟ್ಟು ಎಷ್ಟೆಂದರೆ, ನಿಜ ಹೇಳಬೇಕೆಂದರೆ, ನನಗೆ ಕೊಂಚ ಕಷ್ಟವೇ ಆಗುತ್ತಿತ್ತು. ಹುಲ್ಲಿನ ಅಂಚು ಕೂಡ ಅಡ್ಡಾದಿಡ್ಡಿಯಾಗಲು ಬಿಡದ ತೋಟದಲ್ಲಿ ಕುಳಿತು ಕಡಲೆಕಾಯಿ ತಿನ್ನುವಂತಿಲ್ಲ. ಗೈಡುಗಳು ಪ್ರವಾಸಿಗಳನ್ನು ಮೇಲಿನಿಂದ ಕೆಳಗೆ ಇಳಿಸುತ್ತಾರೆ. ಕೆಳಗಿನಿಂದ ನೋಡಿದರೇ ಅದರ ಎತ್ತರ ಅರ್ಥವಾಗುವುದು ಎಂಬುದು ನನ್ನ ವಾದ.

ಬೆಟ್ಟದ ಮೂಲೆಯಲ್ಲಿ, ದೀಪಸ್ತಂಭದ ಎದುರು, ಸ್ಟೆಲ್ಲಾ ಮಾರಿಸ್ ಮಠವಿದೆ. ಕಾರ್ಮೆಲೈಟ್ ಸನ್ಯಾಸಿಗಳ ಸಂಘ ಹುಟ್ಟಿದ್ದು ಕ್ರೂಸೇಡ್ ಕಾಲದಲ್ಲಿ ಈ ಬೆಟ್ಟದ ಕಣಿವೆಗಳಲ್ಲೇ. ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಬಾಲಯೇಸುವಿನ ಮಂದಿರ ನಡೆಸುವುದು ಇದೇ ಸಂಘ, ಅಲ್ಲಿನ ಗುಡ್ಡಕ್ಕೂ ಕಾರ್ಮೆಲ್ ಹಿಲ್ ಎಂದೇ ಹೆಸರು. ಮಠದ ಮುಂದೆ ಸಣ್ಣ ಪಿರಮಿಡ್ಡಿನಂಥ ಗೋರಿ. 1799ರಲ್ಲಿ ಅಕ್ಕಾವನ್ನು ಗೆಲ್ಲಲಾರದೆ ನೆಪೋಲಿಯನ್ ಹಿಮ್ಮೆಟ್ಟಿದಾಗ ಇಲ್ಲಿ ಬಿಟ್ಟುಹೋದ ಗಾಯಾಳು ಸೈನಿಕರನ್ನು ಕೊಂದುಹಾಕಲಾಯಿತು, ಗೋರಿ ಅವರದ್ದು. ಇನ್ನೂ ಕೆಳಗಿಳಿದರೆ ಪ್ರವಾದಿ ಎಲಿಯನ ಗುಹೆ. ಯಹೂದಿಗಳು, ಕ್ರೈಸ್ತರು, ಮುಸಲ್ಮಾನರು, ದ್ರೂಜರು ನಾಲ್ವರೂ ಅಲ್ಲಿಗೆ ಹರಕೆ ಹೊತ್ತು ಬರುತ್ತಾರೆ.

ಇನ್ನು ನಮ್ಮವರ ಸಂಗತಿ. ಬಂದರಿನ ಹಿಂದಿನ ಜಾಫಾ ರಸ್ತೆಯಲ್ಲಿ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ ನೋಡಿಕೊಳ್ಳುವ ಭಾರತೀಯ ಸ್ಮಶಾನವಿದೆ. ಅದನ್ನು ನಾನು ನೋಡಿದ್ದು ಅಚಾನಕ್ಕಾಗಿ, ಮೀನು ಕೊಳ್ಳಲು ಹೊರಟ ದಾರಿಯಲ್ಲಿ. ಅಲ್ಲಿ ಕಂಡ ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳದ ಹೆಸರು ಶಾಲೆಯ ಯಾವ ಪಾಠದಲ್ಲೂ ನನಗೆ ಸಿಕ್ಕಿರಲಿಲ್ಲ. ಮನೆಗೆ ಬಂದು ಟೆಕ್ನಿಯನ್ ಗ್ರಂಥಾಲಯದಿಂದ ಪುಸ್ತಕ ತರಿಸಿ ಓದಿದೆ, ಆಮೇಲೆ ಆ ನೆಲವನ್ನು ನಡೆದೂ ನೋಡಿದೆ.

ದಿನ 1918ರ ಸೆಪ್ಟೆಂಬರ್ 23, ಮೊದಲ ಮಹಾಯುದ್ಧದ ಕಾಲ. ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಅಶ್ವದಳಗಳನ್ನು ಸೇರಿಸಿ ಮಾಡಿದ 15ನೇ ಬ್ರಿಗೇಡ್‌ಗೆ ಹೈಫಾ ಹಿಡಿಯುವ ಆದೇಶವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಸೈನಿಕರು 1914ರಲ್ಲೇ ಈಜಿಪ್ಟಿಗೆ ಹೋಗಿ, ಸೂಯೆಜ್ ಕಾಲುವೆ ಕಾಯ್ದು, ಪ್ಯಾಲೆಸ್ಟೈನಿಗೆ ಬಂದವರು. ಹಿಂದಿನ ದಿನ ಕವಚದ ಕಾರುಗಳಲ್ಲಿ ಬಂದ ಬ್ರಿಟಿಷರನ್ನು ತುರ್ಕರು ಗುಂಡಿನ ಮಳೆಗರೆದು ಅಟ್ಟಿದ್ದರು. ಊರೊಳಗೆ ಹೋಗುವ ದಾರಿ ಒಂದೇ. ಎಡಕ್ಕೆ ಕಾರ್ಮೆಲ್, ಬಲಕ್ಕೆ ಕಿಶೋನ್ ಹೊಳೆಯ ಜೌಗು. ಬೆಟ್ಟದ ಮೇಲೆ ತುರ್ಕರ ಫಿರಂಗಿ, ಇಳಿಜಾರಿನಲ್ಲಿ ಮೆಷಿನ್‌ಗನ್. ಕೆಳಗಿನ ಬಯಲಿನಲ್ಲಿ ಓಡುವ ಕುದುರೆ, ಬೆಟ್ಟದ ಮೇಲಿದ್ದವನಿಗೆ ಸುಲಭದ ಗುರಿ. ಆದ್ದರಿಂದ ಮೊದಲು ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸಬೇಕಿತ್ತು. ಆ ಕೆಲಸ ಮೈಸೂರಿನ ಒಂದು ಸ್ಕ್ವಾಡ್ರನ್ನಿಗೆ ಬಿತ್ತು. ಈಗ ಬಹುತೇಕ ಊರೇ ಆಗಿರುವ ಪೂರ್ವದ ಇಳಿಜಾರಿನಲ್ಲಿ, ಆಡುಗಳು ಮಾಡಿದ ಕಾಲುದಾರಿ ಹಿಡಿದು ಅವರು ಕುದುರೆಗಳೊಂದಿಗೆ ಹತ್ತಿದರು. ಹಲವು ಕುದುರೆಗಳು ದಾರಿಯಲ್ಲೇ ಸೋತವು. ಮೇಲೆ ಮುಟ್ಟಿದ ಸ್ವಲ್ಪ ಜನ ಈಟಿ ಹಿಡಿದು ಫಿರಂಗಿಯ ಮೇಲೆ ನುಗ್ಗಿದರು. ನೆರವಿಗೆಂದು ಹಿಂದೆಯೇ ಬ್ರಿಟಿಷರ ಶೆರ್‌ವುಡ್ ರೇಂಜರ್ಸ್ ಸ್ಕ್ವಾಡ್ರನ್ ಒಂದನ್ನು ಕಳಿಸಲಾಗಿತ್ತು.

ಕೆಳಗೆ ಜೋಧಪುರದವರು ಮಧ್ಯಾಹ್ನ ಎರಡರ ಹೊತ್ತಿಗೆ ಹೊರಟರು. ಹೊಳೆ ದಾಟಲು ಮುಂದೆ ಹೋದವರ ಕುದುರೆಗಳು ಹುದುಲಿನಲ್ಲಿ ಹೂತವು. ದಳ ಗುಂಡಿನ ನಡುವೆಯೇ ಎಡಕ್ಕೆ ತಿರುಗಿ, ಬೆಟ್ಟದ ಬುಡದ ಮೆಷಿನ್‌ಗನ್ನುಗಳನ್ನು ತುಳಿದುಕೊಂಡು ಊರೊಳಗೆ ಹೊಕ್ಕಿತು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಅಲ್ಲಿ ಸತ್ತರು. ಹಿಂದೆಯೇ ಮೈಸೂರಿನ ಉಳಿದ ಸ್ಕ್ವಾಡ್ರನ್ನುಗಳೂ ಬೀದಿಗಿಳಿದವು. ಸಂಜೆಯೊಳಗೆ ಹೈಫಾ ಕೈಗೆ ಬಂತು. ಸೆರೆ ಸಿಕ್ಕವರು 1,350 ಜನ, ಫಿರಂಗಿ 17, ಮೆಷಿನ್‌ಗನ್ 11. ಬ್ರಿಗೇಡಿನಲ್ಲಿ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು ಮಾತ್ರ 60. ಆ ಅಂಕಿಯನ್ನು ಓದಿದಾಗ, ಅಷ್ಟು ದೂರ ಸಮುದ್ರ ದಾಟಿ ತಂದ ಪ್ರಾಣಿಗಳ ಲೆಕ್ಕವನ್ನಾದರೂ ಯಾರೋ ಇಟ್ಟಿದ್ದಾರಲ್ಲ ಎನಿಸಿತು.

ಅಂದಿನ ಗೆಲುವು ಯಾರದು ಎಂದು ನನ್ನನ್ನು ಕೇಳಿದರೆ ಉತ್ತರ ಸಲೀಸಲ್ಲ. ಹೋರಾಡಿದವರು ಭಾರತೀಯರು, ಸಾಮ್ರಾಜ್ಯ ಬ್ರಿಟಿಷರದ್ದು, ಊರು ಬಹುಪಾಲು ಅರಬ್ಬರದ್ದು. ಅವರಲ್ಲಿ ಯಾರೂ ಮೈಸೂರಿನವರಿಗೆ ವೈರಿಗಳಲ್ಲ. ಧೈರ್ಯಕ್ಕೆ ತಲೆಬಾಗಲು ಇದು ಅಡ್ಡಿಯಾಗಬೇಕಿಲ್ಲ. ಆದರೆ ಈಚೆಗೆ ಈ ಕಾಳಗವನ್ನು ಎರಡು ದೇಶಗಳ ಗೆಳೆತನದ ಪೀಠಿಕೆಯೆಂಬಂತೆ ಹೇಳುವ ರೂಢಿ ಬಂದಿದೆ. ಸತ್ತವರಿಗೆ ಆ ಎರಡೂ ದೇಶಗಳು ಗೊತ್ತಿರಲಿಲ್ಲ. ದಿಲ್ಲಿಯಲ್ಲಿ 1922ರಲ್ಲಿ ಕಟ್ಟಿದ ತೀನ್ ಮೂರ್ತಿಯ ಮೂವರು ಈಟಿಗಾರರು ಇದೇ ಮೂರು ಸಂಸ್ಥಾನದವರು. 2018ರಲ್ಲಿ ಆ ಚೌಕದ ಹೆಸರಿಗೆ ಹೈಫಾ ಸೇರಿತು.

ಆ ಕಾಳಗದ ಮೂವತ್ತು ವರ್ಷದ ನಂತರ ಇನ್ನೊಂದು ಯುದ್ಧ. 1948ರ ಏಪ್ರಿಲ್‌ನಲ್ಲಿ ಯಹೂದಿಗಳ ಹಗನಾ ಪಡೆಗಳು ಮೇಲಿನ ಯಹೂದಿ ಬಡಾವಣೆಗಳಿಂದ ಕೆಳಗಿನ ಅರಬ್ ಕೇರಿಗಳ ಮೇಲೆ ಇಳಿದವು. ಎತ್ತರ ಯಾರ ಕೈಯಲ್ಲಿದೆ ಎಂಬುದೇ ಮತ್ತೆ ತೀರ್ಮಾನಿಸಿತು. ಜನ ಬಂದರಿಗೆ ಓಡಿ ದೋಣಿ ಹತ್ತಿದರು. 60,000ಕ್ಕೂ ಮೇಲಿದ್ದ ಅರಬ್ಬರಲ್ಲಿ ಉಳಿದವರು ಮೂರು ನಾಲ್ಕು ಸಾವಿರ. ಅವರನ್ನು ಹೆಚ್ಚಾಗಿ ವಾದಿ ನಿಸ್ನಾಸ್ ಎಂಬ ಕೇರಿಯಲ್ಲಿ ಸೇರಿಸಲಾಯಿತು. ಖಾಲಿಯಾದ ವಾದಿ ಸಾಲಿಬ್‌ನ ಮನೆಗಳಿಗೆ ಮೊರಾಕೊದಿಂದ ಬಂದ ಬಡ ಯಹೂದಿಗಳನ್ನು ತುಂಬಿದರು. 1959ರಲ್ಲಿ ತಾರತಮ್ಯದ ವಿರುದ್ಧ ಅವರೇ ಬೀದಿಗಿಳಿದು ದಂಗೆಯೆದ್ದರು. ನಾನು ನೋಡುವಾಗ ಅಲ್ಲಿನ ಕಮಾನಿನ ಕಿಟಕಿಗಳನ್ನು ಸಿಮೆಂಟು ಇಟ್ಟಿಗೆಯಿಂದ ಮುಚ್ಚಿದ್ದರು, ಗೋಡೆಯ ಬಿರುಕಿನಲ್ಲಿ ಅಂಜೂರ ಬೆಳೆದಿತ್ತು.

ಪ್ಯಾಲೆಸ್ಟೈನಿನ ಲೇಖಕ ಘಸ್ಸಾನ್ ಕನಫಾನಿಯ 1969ರ ಕಿರುಕಾದಂಬರಿಯಲ್ಲಿ, ಓಡಿಹೋಗುವಾಗ ಮಗುವನ್ನು ಕಳೆದುಕೊಂಡ ದಂಪತಿ ಇಪ್ಪತ್ತು ವರ್ಷದ ನಂತರ ಹೈಫಾಕ್ಕೆ ಮರಳುತ್ತಾರೆ. ಅದು ಓಡಿಹೋದವರ ಹೈಫಾ. ಉಳಿದವರ ಹೈಫಾ ಎಮಿಲ್ ಹಬೀಬಿಯದು. ಪ್ಯಾಲೆಸ್ಟೈನ್ ಸಂಘಟನೆಯ ಪ್ರಶಸ್ತಿಯನ್ನೂ ಇಸ್ರೇಲ್ ಪ್ರಶಸ್ತಿಯನ್ನೂ ಪಡೆದು ಎರಡೂ ಕಡೆಯ ಬೈಗುಳ ತಿಂದ ಆ ಲೇಖಕ, ತಾನು ಹೈಫಾದಲ್ಲೇ ಉಳಿದವನು ಎಂದು ಗೋರಿಯ ಮೇಲೆ ಬರೆಸಿಕೊಂಡ. ಹೈಫಾದ ಸಹಬಾಳ್ವೆಯನ್ನು ಎಲ್ಲ ಪ್ರವಾಸಿ ಪುಸ್ತಕಗಳೂ ಹೊಗಳುತ್ತವೆ. ಸುಳ್ಳಲ್ಲ. ಆಸ್ಪತ್ರೆಯಲ್ಲಿ ಅರಬ್ ವೈದ್ಯ, ಯಹೂದಿ ನರ್ಸು. ಡಿಸೆಂಬರಿನಲ್ಲಿ ವಾದಿ ನಿಸ್ನಾಸ್‌ನಲ್ಲಿ ಕ್ರಿಸ್‌ಮಸ್, ಹನುಕ್ಕಾ, ಈದ್ ಮೂರನ್ನೂ ಸೇರಿಸಿ ಹಬ್ಬ. ಕೆಳಗಿನ ಮುಚ್ಚಿದ ಕಿಟಕಿಗಳನ್ನೂ ನೋಡಿದವರಿಗೆ ಮಾತ್ರ ಆ ಹೊಗಳಿಕೆಯ ತೂಕ ಗೊತ್ತಾಗುತ್ತದೆ.

ವಾದಿ ನಿಸ್ನಾಸ್ ನನ್ನ ಸಂತೆ. ಬೆಂಡೆ, ಕೊತ್ತಂಬರಿ, ಹಸಿ ಹುಣಸೆಗೆ ಬದಲಾಗಿ ಸುಮಾಕ್, ಬಿಸಿ ಫಲಾಫೆಲ್. ಅಂಗಡಿಯವನು ಮೆಣಸಿನ ಚಟ್ನಿ ಹಾಕುವ ಮುನ್ನ ನನ್ನ ಮುಖ ನೋಡಿ, ಕೇಳದೆಯೇ ಎರಡು ಚಮಚ ಹಾಕುತ್ತಿದ್ದ. ರಾತ್ರಿ ಮೇಲಿನ ಬಡಾವಣೆಗಳಲ್ಲಿ ಕಾಡುಹಂದಿಗಳು ಸಂಸಾರ ಸಮೇತ ಕಸದ ತೊಟ್ಟಿಗೆ ಬರುತ್ತವೆ. ಕಣಿವೆಗಳು ಊರಿನ ನಡುವೆಯೇ ಇಳಿಯುವುದರಿಂದ ಅವಕ್ಕೆ ದಾರಿ ಸಲೀಸು. ಊರವರು ಬೈಯುತ್ತಾರೆ, ದಾರಿ ಬಿಡುತ್ತಾರೆ.

ಟೆಕ್ನಿಯನ್ ಬಗ್ಗೆ ಒಂದೇ ಮಾತು. 1913ರಲ್ಲಿ, ಕಟ್ಟಡ ಏಳುವಾಗಲೇ, ವಿಜ್ಞಾನವನ್ನು ಜರ್ಮನ್‌ನಲ್ಲಿ ಕಲಿಸಬೇಕೆಂದು ಹಣ ಕೊಟ್ಟವರು ಪಟ್ಟು ಹಿಡಿದರು. ಆ ನಾಡಿನ ಯಹೂದಿ ಶಾಲೆಗಳ ಶಿಕ್ಷಕರೂ ವಿದ್ಯಾರ್ಥಿಗಳೂ ಮುಷ್ಕರ ಹೂಡಿ ಹೀಬ್ರೂವನ್ನು ಗೆಲ್ಲಿಸಿದರು. ಆಗ ಆ ನುಡಿಯಲ್ಲಿ ವಿಜ್ಞಾನದ ಪಠ್ಯಪುಸ್ತಕಗಳೇ ಇಲ್ಲವೆನ್ನುವ ಸ್ಥಿತಿ. ತರಗತಿ ಶುರುವಾದದ್ದು 1924ರಲ್ಲಿ. 2004ರಲ್ಲೂ 2011ರಲ್ಲೂ ಅಲ್ಲಿನ ಅಧ್ಯಾಪಕರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಕನ್ನಡದಲ್ಲಿ ವಿಜ್ಞಾನ ಆಗುವುದಿಲ್ಲ ಎನ್ನುವವರಿಗೆ ನಾನು ಈ ಕಥೆ ಹೇಳುತ್ತಿರುತ್ತೇನೆ. ಅವರು ಒಪ್ಪುವುದಿಲ್ಲ.

ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಬಾಂಬ್ ಷೆಲ್ಟರ್ ಇತ್ತು. 2006ರಲ್ಲಿ ಲೆಬನಾನಿನಿಂದ ರಾಕೆಟ್ ಬಿದ್ದಾಗ ಊರವರು ಅಂಥಲ್ಲಿ ಇಳಿದು ಕೂತಿದ್ದರು. ನಾವು ಅಲ್ಲಿ ಸೈಕಲ್ ಇಡುತ್ತಿದ್ದೆವು. 2025ರ ಜೂನ್‌ನಲ್ಲಿ ಇರಾನಿನ ಕ್ಷಿಪಣಿಗಳು ಹೈಫಾದ ರಿಫೈನರಿಗೆ ಬಡಿದಾಗ ಮೊದಲು ನೆನಪಾದದ್ದು ಆ ಸೈಕಲ್ಲುಗಳು.

ಹೈಫಾಕ್ಕೆ ಹೋಗುವ ಕಾಲ ಬಂದರೆ ಬೆಟ್ಟದ ಬುಡದಿಂದ ಶುರುಮಾಡಿ, ಒಳ್ಳೆಯ ಬೂಟು ಹಾಕಿಕೊಳ್ಳಿ, ಜಾಫಾ ರಸ್ತೆಯ ಸ್ಮಶಾನಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ಹೋಗಲಾಗದವರಿಗೆ ಬೆಂಗಳೂರಿನ ಜೆ.ಸಿ. ನಗರದಲ್ಲೇ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಹತ್ತಲು ಬೆಟ್ಟವಿಲ್ಲ, ಟಿಕೆಟ್ಟಿಲ್ಲ. ಸೆಪ್ಟೆಂಬರ್ 23ಕ್ಕಾದರೂ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.